ಕಾಲು ಚಾಚಿದ ಆರ್

ಬಾಗಲಗುಂಟೆಯ ಹನುಮಂತರಾಯಪ್ಪನವರ ಮನೆಗೆ ಹೆಣ್ಣಿನ ಕಡೆಯವರು ವಿಚಾರಿಸಿಕೊಂಡು ಹೋಗಲು ಬರುವವರಿದ್ದರು. ಗಂಡು ಅವರ ಮಗನಲ್ಲ, ಮೇಲಿನ ರೂಮಿನ ಬಾಡಿಗೆದಾರ ಶ್ರೀಧರ್. ಹುಡುಗ ಎಂಥವನು ಅಂತ ಓನರ್ ಬಾಯಿಂದ ಕೇಳದೆ ಈ ಕಡೆ ಯಾರೂ ಹೆಣ್ಣು ಕೊಡುವುದಿಲ್ಲ. ಹನುಮಂತರಾಯಪ್ಪನವರಿಗೋ ಹುಡುಗನೆಂದರೆ ಪ್ರಾಣ. ಅವನೂ ಅವನ ಆಫೀಸಿನ ಮಾಲಾಳೂ ಒಬ್ಬರನ್ನೊಬ್ಬರು ಮೆಚ್ಚಿರುವುದು ಅವರಿಗೆ ಗೊತ್ತಿತ್ತು. ಈ ಸಂಬಂಧ ಕೂಡಿಸಿಯೇ ತೀರುತ್ತೇನೆಂದು ಟೊಂಕ ಕಟ್ಟಿ ನಿಂತರು.

ಒಂದೇ ತೊಡಕು. ಹುಡುಗನ ಕೆಲಸ ಏನೆಂದು ಕೇಳಿದರೆ ಹೇಳುವುದು ಹೇಗೆ? ಪೀಣ್ಯದಲ್ಲಿ ಕಂಪ್ಯೂಟರಿಗೆ ಅಕ್ಷರ ಮಾಡಿಕೊಡುವ ಕಂಪನಿಯಲ್ಲಿ ಅವನಿಗೆ ಕೆಲಸ. ಅದೇನೆಂದು ಅವನನ್ನೇ ಕೇಳಿದರು.

"ಐನೂರು ವರ್ಷದ ಹಿಂದೆ ವೆನಿಸ್‌ನಲ್ಲಿ ಪುಸ್ತಕ ಅಚ್ಚು ಹಾಕ್ತಿದ್ರು ಅಂಕಲ್. ಆ ಅಕ್ಷರ ನೋಡ್ಕೊಂಡು ಆಮೇಲೆ ಒಂದು ಟೈಪ್‌ಫೇಸ್, ಅಂದ್ರೆ ಒಂದೇ ಥರದ ಅಕ್ಷರಗಳ ಸೆಟ್, ಮಾಡಿದ್ರು. ಅದನ್ನ ಸ್ಟಡಿ ಮಾಡ್ತಿದೀನಿ."

"ಓದ್ತೀಯಾ?"

"ಇಲ್ಲ, ನೋಡ್ತೀನಿ."

ನೋಡಲೆಂದೇ ಗೋಡೆಯ ತುಂಬ ಇಂಗ್ಲಿಷಿನ ಒಂದು ಆರ್ ಬರೆದುಕೊಂಡಿದ್ದ. ಅದರ ಬಲಗಾಲು ಉದ್ದಕ್ಕೆ ಚಾಚಿಕೊಂಡಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪಾ."

"ಕಾಲು ಚಾಚಿರೋದಕ್ಕೇ ಅಂಕಲ್, ಮೇಲಿಂದು ನಿಂತಿರೋದು. ಸುಮ್ನೆ ಸ್ವಲ್ಪ ಹೊತ್ತು ನೋಡಿ."

ಸಾಕ್ಷಿ ಹೇಳುವವನಿಗೆ ವಿಷಯ ತಿಳಿದಿರಬೇಕಲ್ಲ! ಹನುಮಂತರಾಯಪ್ಪನವರು ದಿನಾ ಮೇಲೆ ಹೋಗಿ ಕೂತು ನೋಡತೊಡಗಿದರು. ಹೆಂಡತಿ ಭದ್ರಮ್ಮ ಊಟಕ್ಕೆ ಕರೆದು ಕರೆದು ಸೋತರು. ಉಂಡು ಜಗಲಿಯ ಮೇಲೆ ಕೂತವನ ಕಾಲಿನಷ್ಟು ನೆಮ್ಮದಿ ಆ ಕಾಲಿಗಿತ್ತು. ಅದನ್ನು ನೋಡುತ್ತಿದ್ದರೆ ಅವರ ಮಂಡಿನೋವೂ ಕಡಿಮೆಯಾಗುತ್ತಿತ್ತು.

ಭಾನುವಾರ ಲಗ್ಗೆರೆಯಿಂದ ಮಾಲಾಳ ಅಪ್ಪ ಚನಬಸಪ್ಪ ಬಂದರು. ಲೇತ್ ಶೆಡ್ಡಿನ ಯಜಮಾನರು. ಶ್ರೀಧರ್ ಮನೆಯಲ್ಲಿರಲಿಲ್ಲ.

"ಹುಡುಗ ಕುಡೀತಾನಾ?"

"ನೀರು ಕುಡಿಯೋದೂ ಮರೀತಾನೆ. ಬನ್ನಿ, ತೋರಿಸ್ತೀನಿ," ಎಂದು ಉತ್ಸಾಹದಲ್ಲಿ ಮೇಲೆ ಕರೆದೊಯ್ದರು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನಬೇಕು.

ಚನಬಸಪ್ಪ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. "ಈ ಕಾಲು ಜಾಸ್ತಿ ಆಯ್ತು ಕಣ್ರೀ. ನಮ್ಮ ಶೆಡ್ಡಲ್ಲಾಗಿದ್ರೆ ಕಟ್ ಮಾಡಿ ಬಿಸಾಕ್ತಿದ್ವಿ."

"ಏನ್ ಮಾತು ಅಂತ ಆಡ್ತೀರಿ ಯಜಮಾನ್ರೆ! ಆ ಕಾಲು ನೋಡೋಕೂ ಯೋಗ್ಯತೆ ಬೇಕು!"

ಮಾತಿಗೆ ಮಾತು ಬೆಳೆಯಿತು. ಚನಬಸಪ್ಪ ಕಾಫಿಯನ್ನೂ ಮುಟ್ಟದೆ ಗೇಟಿನ ತನಕ ಹೋಗಿ ತಿರುಗಿ ನಿಂತರು.

"ಹುಡುಗ ಆ ಕಾಲು ಒಂದು ಗೇಣು ಕಮ್ಮಿ ಮಾಡ್ಲಿ. ದೊಡ್ಡೋರ ಮಾತು ಕೇಳ್ತಾನೆ ಅಂತ ಆಗುತ್ತೆ. ನಾಳೆ ಬಂದು ನೋಡ್ತೀನಿ. ಮಾಡಿದ್ರೆ ತಾಂಬೂಲ, ಇಲ್ಲಾಂದ್ರೆ ಇಲ್ಲ."

ಸಂಜೆ ಶ್ರೀಧರ್ ಎಲ್ಲ ಕೇಳಿಸಿಕೊಂಡ. ಸಿಟ್ಟೂ ಮಾಡಲಿಲ್ಲ, ನಗಲೂ ಇಲ್ಲ. ಅಂಗಡಿಗೆ ಹೋಗಿ ಬಿಳಿ ಬಣ್ಣ, ಬ್ರಶ್ ತಂದ. ಹನುಮಂತರಾಯಪ್ಪನವರು ಅವನ ಹಿಂದೆಯೇ ಮೆಟ್ಟಿಲು ಹತ್ತಿದರು.

"ಗೋಡೆ ಮೇಲಿಂದು ತಾನೇ ಅಂಕಲ್. ಕಂಪ್ಯೂಟರಲ್ಲಿ ಅದರ ಪಾಡಿಗೆ ಅದು ಇರುತ್ತೆ. ಮಾಲಾ ಸಿಗ್ತಾಳಲ್ಲ, ಅಷ್ಟು ಸಾಕು."

ಬ್ರಶ್ ಇನ್ನೇನು ಗೋಡೆಗೆ ತಾಗಬೇಕು, ಹನುಮಂತರಾಯಪ್ಪನವರು ಅದನ್ನು ಕಿತ್ತುಕೊಂಡು ಕೈ ಚಾಚಿ ಗೋಡೆಗೆ ಅಡ್ಡ ನಿಂತರು. ಬಿಳಿ ಬಣ್ಣ ಅವರ ಪಂಚೆಯ ಮೇಲೆ ಸುರಿಯಿತು.

"ಬ್ರಶ್ ಕೊಡಿ ಅಂಕಲ್. ನಾಳೆ ಅವರು ಬರ್ತಾರೆ. ಅದು ಬರೀ ಒಂದು ಅಕ್ಷರ."

"ಬರೀ ಅಕ್ಷರವಾ?" ಮುದುಕರ ಕಣ್ಣಲ್ಲಿ ನೀರು ಬಂತು. ಈ ಹುಡುಗನ ಮದುವೆ ಆಗಲೇಬೇಕೆಂದು ಅವರಷ್ಟು ಹಂಬಲಿಸಿದವರು ಇನ್ನೊಬ್ಬರಿಲ್ಲ, ಆ ಹಂಬಲ ಈಗಲೂ ಸುಳ್ಳಲ್ಲ. ಆದರೂ ಚಾಚಿದ ಕೈ ಕೆಳಗಿಳಿಯಲಿಲ್ಲ.

"ನೀನು ಇಂಗೆ ಅಂತೀಯ ಅಂದ್ಕೊಂಡಿರ್ಲಿಲ್ಲ ಮಗಾ," ಎಂದರು. "ನಾಳೇನೇ ರೂಮು ಖಾಲಿ ಮಾಡು."