ಎರಡಕ್ಕಿಂತ ಮೊದಲು ಹತ್ತು

ಎಂಬತ್ತೊಂಬತ್ತರ ಪುಷ್ಯ. ಸಂಶಿ ಸೊಸೈಟಿಯ ಅಂಗಳದಲ್ಲಿ ಮೆಣಸಿನಕಾಯಿ ರಾಶಿಗಳು ಸಾಲಾಗಿ ಬಿದ್ದಿದ್ದವು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಬಿಳಿಗಾಯಿ ಆರಿಸುತ್ತಿದ್ದರು. ಒಳಗೆ ಗುಮಾಸ್ತ ಶಂಕ್ರಪ್ಪ ಸೀನುತ್ತ ಕಂಪ್ಯೂಟರಿನಿಂದ ಹರಾಜು ಸವಾಲಿನ ಪಟ್ಟಿ ತೆಗೆದು ಗೋಡೆಗೆ ಹಚ್ಚಿದ. ಹಚ್ಚಿದ ಮೇಲೆ ಓದಿದ. ಒಂದು, ಹತ್ತು, ಹನ್ನೊಂದು ಎಂದು ಹತ್ತೊಂಬತ್ತರ ತನಕ ಹೋಗಿ, ಆಮೇಲೆ ಎರಡು!

ಖರೀದಿದಾರರು ಪಟ್ಟಿಯಂತೆ ರಾಶಿಯಿಂದ ರಾಶಿಗೆ ಹೋಗುವವರು. ಮೊದಲಿಗೆ ಕೈಬಿಚ್ಚಿ ಕೂಗುತ್ತಾರೆ, ಹೊತ್ತೇರಿದಂತೆ ಚೌಕಾಸಿಗೆ ಇಳಿಯುತ್ತಾರೆ. ಅದಕ್ಕೇ ಮೈಲಾರವ್ವ ಕೋಳಿ ಕೂಗುವ ಮೊದಲೇ ಗಾಡಿ ಹೊಡೆಸಿಕೊಂಡು ಬಂದು ಎರಡನೇ ನಂಬರಿನ ಚೀಟಿ ಹಿಡಿದಿದ್ದಳು.

"ಏನೋ ಶಂಕ್ರಪ್ಪ, ನಿನ್ನ ಪೆಟಗಿಗೆ ಎಣಸಾಕ ಯಾರು ಕಲಿಸ್ಯಾರ, ಕುಡುಕರೇನು?"

"ತಡೀ ಬೇ ಯವ್ವಾ, ಮೊದಲ ತಲಿ ಕೆಟ್ಟೈತಿ."

ಹುಬ್ಬಳ್ಳಿಗೆ ಫೋನು ಸಿಗುವಷ್ಟರಲ್ಲಿ ಖರೀದಿದಾರರು ಚಹಾ ಮುಗಿಸಿ ಎದ್ದಿದ್ದರು. ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿದ್ದ ಬಾಷಾಸಾಬ ಕೇಳಿದ: "ಫ್ಲಾಪಿಯೊಳಗ ನಂಬರ್ ಸಾಲಾಗಿ ಜೋಡಸಾಕ ನಾ ಕೊಟ್ಟ ಸಾರ್ಟ್ ಐತಿಲ್ರಿ?"

"ಅಳಿಸೇನಿ. ಸುಗ್ಗಿ ಲೆಕ್ಕಕ್ಕ ಜಾಗಾ ಸಾಲಲಿಲ್ಲ. ಅದ ಹೆಸರಿಂದು ಮಷೀನಿನ್ಯಾಗ ಒಂದು ಇತ್ತಲ್ಲೋ!"

"ಒಂದ ಹೆಸರಿನ ಎತ್ತು ಎರಡಿದ್ರ ಒಂದನ್ನ ಮಾರಿಬಿಡ್ತೀರೇನ್ರಿ? ಮಷೀನಿಂದು ಮೊದಲನೇ ಅಂಕಿ ನೋಡೇ ಸಾಲು ಹಚ್ತೈತಿ. ಹತ್ತರಾಗ ಮೊದಲ ಒಂದೈತಿ, ಅದಕ್ಕ ಎರಡಕ್ಕಿಂತ ಮುಂದ. ನಂದು ಪೂರಾ ನಂಬರ್ ನೋಡ್ತೈತಿ, ಅದಕ್ಕ ಪ್ರೋಗ್ರಾಮಿನ ಜೋಡಿ ಕಟ್ಟಿ ಕೊಟ್ಟಿದ್ದೆ. ಸಂಜಿ ಬಸ್ಸಿಗೆ ಮತ್ತೊಂದು ಫ್ಲಾಪಿ ಕಳಸ್ತೀನ್ರಿ."

"ಸಂಜಿಗೆ ತಗೊಂಡು ಏನು ಪೂಜಿ ಮಾಡ್ಲಿ?"

ಶಂಕ್ರಪ್ಪ ಫೋನು ಕುಕ್ಕಿದ. ಹಾಳಾದ ಒಂದಿಷ್ಟು ಜಾಗದ ಆಸೆಗೆ! ಗೋಡೆಯ ಪಟ್ಟಿ ಹರಿದು, ಕೈಯಿಂದಲೇ ಹೊಸದನ್ನು ಗೀಚಿಕೊಂಡು ಅಂಗಳಕ್ಕೆ ಓಡಿದ. ಒಂದನೇ ರಾಶಿ ಮುಗಿಸಿ ಹತ್ತರ ಕಡೆ ಹೊರಳಿದ್ದ ಖರೀದಿದಾರರನ್ನು ಅಡ್ಡಗಟ್ಟಿ, ಗೊಣಗುತ್ತಿದ್ದರೂ ಬಿಡದೆ ಎರಡಕ್ಕೆ ಕರೆತಂದ. ಕೂಗು ಚೆನ್ನಾಗಿಯೇ ಏರಿತು. ಮೈಲಾರವ್ವ ಅವನ ಕಡೆ ತಿರುಗಿಯೂ ನೋಡದೆ ಚೀಲ ಹೊಲಿಯಲು ಕುಳಿತಳು.

ಹತ್ತನೇ ರಾಶಿಯ ಮುದಕಪ್ಪ ಮಾತ್ರ ಬಂದು ಅವನ ತೋಳು ಹಿಡಿದ.

"ಲೇ, ನಿನ್ನ ಕಾಗದ ನಂಬಿ, ಲಗೂನ ಮಾರಿ ಹೊಂಡಾಕ ಎತ್ತು ಹೂಡಿ ನಿಂತೀನಿ. ನನ್ನ ಪಾಳಿ ಯಾವಾಗ ಹೊಳ್ಳಿ ಕೊಡ್ತಿ?"

"ಒಂಬತ್ತು ಮುಗದ ಮ್ಯಾಲ ನಿಂದ, ಕಾಕಾ."

"ಅದು ನನ್ನ ಕೈಯಾಗಿನ ಚೀಟಿದು. ನೀ ಗ್ವಾಡಿಗೆ ಹಚ್ಚಿ ಎರಡನೇ ಪಾಳಿ ಕೊಟ್ಟಿದ್ದಿಲ್ಲಾ, ಅದನ್ನ ಕೇಳಾಕತ್ತೀನಿ."

ಆ ಕಡೆಯಿಂದ ಮೂರರ ಕೂಗು ಬಂತು. ಶಂಕ್ರಪ್ಪ ತೋಳು ಬಿಡಿಸಿಕೊಂಡು ಅತ್ತ ಹೋದ.