ಇಂದ್ರವ್ವನ ಕಾಲ ಕೆಳಗಿನ ಸ್ಟೂಲು

ನಾನು ಒಂದು ಸ್ಟೂಲು. ಕುರ್ಚಿಗಿರುವಂತೆ ನನಗೆ ಬೆನ್ನಿಲ್ಲ, ಕೈಗಳಿಲ್ಲ. ನಾಲ್ಕು ಕಾಲು, ಮೇಲೊಂದು ಹಲಗೆ, ಅಷ್ಟೇ. ಗದುಗಿನಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯ ತಗಡಿನ ಥಿಯೇಟರಿನ ಹಿಂದೆ ನಾನು ಹುಟ್ಟಿದೆ. ಮುರಿದುಹೋದ ಸಿಂಹಾಸನದ ಸಾಗುವಾನಿ ತುಂಡುಗಳನ್ನು ಜೋಡಿಸಿ ನನ್ನನ್ನು ಮಾಡಿದವನು ಮಲ್ಲೇಶಿ. ಆತ ಕಂಪನಿಯ ಬಡಗಿಯೂ ಹೌದು, ಹಾಸ್ಯನಟನೂ ಹೌದು. ಮೊಳೆ ಹೊಡೆಯುವಾಗಲೂ ಅಂದಿನ ಆಟದ ಮಾತುಗಳನ್ನು ಒದರುತ್ತಿದ್ದ. ಹಾಗಾಗಿ ನನ್ನ ಕಿವಿಗೆ ಮೊದಲು ಬಿದ್ದದ್ದೇ ನಾಟಕದ ಮಾತು.

ಬಣ್ಣದ ಕೋಣೆಯಲ್ಲಿ ನನ್ನನ್ನು ಇಟ್ಟರು. ಎತ್ತರದ ಗೂಟಕ್ಕೆ ನೇತುಹಾಕಿದ ಕಿರೀಟ ಇಳಿಸಲು ಹೆಚ್ಚಾಗಿ ನನ್ನ ಮೇಲೆ ಹತ್ತುತ್ತಿದ್ದವಳು ಇಂದ್ರವ್ವ. ಆಕೆ ಕುಳ್ಳಗಿದ್ದಳು. ಸವಡಿ ಎಂಬ ಊರಿನಿಂದ ಬಂದು ಕಂಪನಿ ಸೇರಿದವಳು. ಹಾಡು, ಮಾತು, ಕುಣಿತ ಎಲ್ಲ ಬರುತ್ತಿದ್ದರೂ ಆಕೆಗೆ ಸಿಗುತ್ತಿದ್ದುದು ದಾಸಿಯ ಪಾತ್ರ. ಕಿರೀಟ ಇಳಿಸುವುದು, ಅದನ್ನು ಬೇರೆಯವರ ತಲೆಗೆ ಇಡುವುದು.

ಒಂದು ದಿನ ರಾಣಿಯ ಪಾತ್ರದವಳಿಗೆ ಜ್ವರ ಬಂತು. ಮಾಲೀಕ ಅಂದಾನಪ್ಪ ಆಟ ರದ್ದು ಮಾಡುವುದೆಂದು ಹೇಳಿದ. ಇಂದ್ರವ್ವ ಅವನೆದುರು ಹೋಗಿ ನಿಂತಳು.

"ಧಣ್ಯಾರ, ರಾಣಿ ಮಾತು ಪೂರ್ತಿ ನನಗ ಬರತಾವು. ನಾ ಮಾಡತೀನಿ."

"ನೀನಾ? ಸೇನಾಪತಿ ಎದಿಮಟಾ ಬರಂಗಿಲ್ಲ ನೀನು. ಮಂದಿ ನಗತಾರ."

"ನಗಲಿ ಬಿಡ್ರಿ. ಎಷ್ಟೊತ್ತು ನಗತಾರ ನೋಡೂಣು."

ಮಂದಿ ನಕ್ಕರು. ಸೇನಾಪತಿಯ ಪಕ್ಕದಲ್ಲಿ ಆಕೆ ನಿಂತೊಡನೆ ಮುಂದಿನ ಸಾಲಿನಿಂದ ಸಿಳ್ಳೆ ಬಂತು, "ರಾಣಿಗೆ ಏಣಿ ಕೊಡ್ರೋ" ಎಂದು ಯಾರೋ ಕೂಗಿದರು. ಆಕೆ ಮಾತು ಆರಂಭಿಸಿದಳು. ಆ ದನಿ ತಗಡಿಗೆ ಬಡಿದು ಕಡೆಯ ಬೆಂಚಿನವರೆಗೆ ಹೋಯಿತು. ವೈರಿ ಸೈನ್ಯಕ್ಕೆ ಕೋಟೆಯ ಬಾಗಿಲು ತೆರೆಯುವುದಿಲ್ಲ ಎಂದು ರಾಣಿ ಸಾರುವ ದೃಶ್ಯಕ್ಕೆ ಬಂದಾಗ, ಬಣ್ಣ ಬಳಿದ ಕೋಟೆಗೋಡೆಯ ಹಿಂದೆ ಮಲ್ಲೇಶಿ ನನ್ನನ್ನು ಇಟ್ಟ. ಆಕೆ ನನ್ನ ಮೇಲೆ ಹತ್ತಿ ನಿಂತಳು. ಜನ ಕಂಡದ್ದು ಗೋಡೆಯ ಮೇಲಿನ ರಾಣಿಯನ್ನು. ನಾನು ಕಂಡದ್ದು ಅವಳ ಪಾದಗಳನ್ನು. ಮೇಲೆ ದನಿ ಗುಡುಗುತ್ತಿತ್ತು, ಕೆಳಗೆ ಹಿಮ್ಮಡಿ ಗಡಗಡ ನಡುಗುತ್ತಿತ್ತು. ನಡುಗುತ್ತಲೇ ನಿಂತಿದ್ದಳು, ಇಳಿಯಲಿಲ್ಲ. ಆಟ ಮುಗಿದಾಗ ಮೊದಲು ಸಿಳ್ಳೆ ಹಾಕಿದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದಾನಪ್ಪ ರಾಣಿಯ ಪಾತ್ರವನ್ನು ಆಮೇಲೆ ಬೇರೆಯವರಿಗೆ ಕೊಡಲಿಲ್ಲ.

ವರ್ಷಗಳು ಕಳೆದವು. ಊರೂರಿಗೆ ಟಿ.ವಿ. ಬಂತು, ಥಿಯೇಟರಿನ ಬೆಂಚುಗಳು ಖಾಲಿಯಾದವು. ಅಂದಾನಪ್ಪ ಕಂಪನಿ ಮುಚ್ಚಿದ. ಪರದೆಗಳು ಒಂದು ಕಡೆ ಹೋದವು, ಕಿರೀಟಗಳು ಇನ್ನೊಂದು ಕಡೆ. ಇಂದ್ರವ್ವ ನನ್ನೊಬ್ಬನನ್ನೇ ಕೇಳಿ ತೆಗೆದುಕೊಂಡಳು. ಸಿನಿಮಾದವರಿಗೆ ದನಿ ಕೊಡುವ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಟ್ರಂಕು ಒಂದು ಕೈಯಲ್ಲಿ, ನಾನು ಇನ್ನೊಂದು ಕೈಯಲ್ಲಿ. ಹಾಗೆ ಬೆಂಗಳೂರಿಗೆ ಬಂದೆವು.

ಡಬ್ಬಿಂಗ್ ಸ್ಟುಡಿಯೋದಲ್ಲಿ ಆಗ ಒಂದೇ ಮೈಕಿನ ಮುಂದೆ ಮೂರು ನಾಲ್ಕು ಜನ ನಿಂತು ಮಾತಾಡುತ್ತಿದ್ದರು. ಮೈಕು ಉಳಿದವರ ಬಾಯಿಯ ಮಟ್ಟಕ್ಕಿತ್ತು. ಇಂದ್ರವ್ವ ನನ್ನನ್ನು ಎಳೆದು ಹಾಕಿಕೊಂಡು ಮೇಲೆ ನಿಂತಳು. ತೆರೆಯ ಮೇಲೆ ಎತ್ತರದ, ಬೆಳ್ಳಗಿನ, ಕನ್ನಡ ಬಾರದ ನಾಯಕಿಯರು ತುಟಿ ಆಡಿಸುತ್ತಿದ್ದರು. ಆ ತುಟಿಗಳಿಗೆ ನನ್ನ ಮೇಲೆ ನಿಂತ ಈ ಕುಳ್ಳಿ ಅಳು, ನಗು, ಸಿಟ್ಟು ತುಂಬುತ್ತಿದ್ದಳು. ಅವಳ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ.

ಡಬ್ಬಿಂಗ್ ನೋಡಿಕೊಳ್ಳುತ್ತಿದ್ದವರು ಶೇಷಗಿರಿ. ಒಳ್ಳೆಯವರೇ, ಆದರೆ ಅವಸರದ ಮನುಷ್ಯ. ಒಮ್ಮೆ ಹುಬ್ಬಳ್ಳಿ ಕಡೆಯ ತರಕಾರಿ ಮಾರುವ ಹೆಂಗಸಿನ ಪಾತ್ರ ಬಂತು.

"ನಿಮ್ಮ ಕಡೆ ಭಾಷೆನೇ ಅಲ್ವಾ ಇಂದ್ರಮ್ಮ? ಸ್ವಲ್ಪ ಎಳೆದು ಎಳೆದು ಮಾತಾಡಿ. ಜನ ನಗಬೇಕು."

ಇಂದ್ರವ್ವ ನನ್ನ ಮೇಲಿಂದ ಇಳಿದಳು. "ಸರ, ಈ ಸೀನಿನಾಗ ಆಕಿ ಗಂಡ ಸತ್ತಾನ. ನಗೂದು ಏನೈತಿ ಇದರಾಗ?"

"ಆ ಭಾಷೆ ಕೇಳಿದ್ರೇನೇ ಜನ ನಗ್ತಾರಮ್ಮ."

"ನಮ್ಮ ಮಂದಿ ಅದ ಭಾಷಾದಾಗ ಅಳತಾರ್ರಿ. ನಾ ಅತ್ತು ತೋರಸ್ತೀನಿ. ಬ್ಯಾಡಂದ್ರ ಬ್ಯಾರೇದಾರನ್ನ ಕರಸ್ರಿ."

ಶೇಷಗಿರಿ ಗಡಿಯಾರ ನೋಡಿಕೊಂಡು ಒಪ್ಪಿದರು. ಆಕೆ ಮತ್ತೆ ನನ್ನ ಮೇಲೆ ಹತ್ತಿ, ಒಂದೇ ಸಲಕ್ಕೆ ಮಾತು ಮುಗಿಸಿದಳು. ಗಾಜಿನಾಚೆ ಯಂತ್ರದ ಮುಂದೆ ಕುಳಿತವರು ಇನ್ನೊಮ್ಮೆ ಬೇಡವೆಂದು ಕೈಸನ್ನೆ ಮಾಡಿದರು. ಅಂದು ಅವಳ ಹಿಮ್ಮಡಿ ನನ್ನ ಮೇಲೆ ಗಟ್ಟಿಯಾಗಿ ಊರಿತ್ತು.

ಆ ದನಿಯೇ ಒಂದು ದಿನ ಒಡೆಯಿತು. ಗಂಟಲಲ್ಲಿ ಗಂಟು ಎಂದರು ಡಾಕ್ಟರು. ಆಪರೇಷನ್ ಆಯಿತು. ಜೀವ ಉಳಿಯಿತು; ದನಿ ಮಾತ್ರ ಒಣ ಎಲೆ ಉಜ್ಜಿದಂತಾಯಿತು. ಸ್ಟುಡಿಯೋದವರು ನನ್ನನ್ನು ಆಟೋದಲ್ಲಿ ಹಾಕಿ ಮನೆಗೆ ಕಳಿಸಿದರು. ಇಂದ್ರವ್ವ ನನ್ನ ಮೇಲೆ ಕುಳಿತು ಗೋಡೆ ನೋಡುತ್ತಿದ್ದಳು. ಕಣ್ಣೀರು ಹಲಗೆಯ ಮೇಲೆ ಬೀಳುತ್ತಿತ್ತು, ಅಳುವಿಗೂ ಸದ್ದಿರಲಿಲ್ಲ.

ಒಂದು ಮಧ್ಯಾಹ್ನ ಶೇಷಗಿರಿ ಹಣ್ಣು ಹಿಡಿದು ಬಂದರು. "ಒಂದು ದೆವ್ವದ ಪಾತ್ರ ಇದೆ ಇಂದ್ರಮ್ಮ. ಈಗಿನ ನಿಮ್ಮ ದನಿಗೆ ಹೇಳಿ ಮಾಡಿಸಿದ ಹಾಗಿದೆ."

ಇಂದ್ರವ್ವ ಅವರಿಗೆ ಚಹಾ ಕೊಟ್ಟಳು. ಆಮೇಲೆ ತಡೆತಡೆದು ಹೇಳಿದಳು: "ನಾ ಇನ್ನಾ ಸತ್ತಿಲ್ಲ ಸರ. ಮನಷ್ಯಾರ ಪಾತ್ರ ಇದ್ರ ಹೇಳ್ರಿ."

ಅವರು ಮತ್ತೆ ಬರಲಿಲ್ಲ. ನಾವು ಗದುಗಿಗೆ ಮರಳಿದೆವು. ಅಲ್ಲಿ ಮಲ್ಲೇಶಿ, ತಲೆ ಪೂರಾ ಬೆಳ್ಳಗಾಗಿ, ಹವ್ಯಾಸಿಗಳನ್ನು ಕೂಡಿಸಿಕೊಂಡು ನಾಟಕ ಆಡಿಸುತ್ತಿದ್ದ. ಹೊಸ ನಾಟಕದಲ್ಲಿ ಒಬ್ಬ ಮುದುಕಿ. ಊರ ಗೌಡನ ವಿರುದ್ಧ ಸಾಕ್ಷಿ ಹೇಳಲು ಕೋರ್ಟಿಗೆ ಬಂದವಳು. ಆ ಪಾತ್ರ ತನಗೆ ಬೇಕೆಂದು ಇಂದ್ರವ್ವ ಕೇಳಿದಳು. ಮಲ್ಲೇಶಿ ತಲೆ ಕೆರೆದುಕೊಂಡ.

"ತಂಗೀ, ಒಂದು ಕೆಲಸಾ ಮಾಡೂಣು. ಬ್ಯಾರೇದಾಕಿ ಕಡಿಂದ ಮಾತು ರೆಕಾರ್ಡ್ ಮಾಡಸ್ತೀನಿ. ನೀ ಬಾಯಿ ಆಡಸಿದ್ರ ಸಾಕು."

ಆಕೆ ನನ್ನ ಮೇಲಿಂದ ಎದ್ದು ನಿಂತಳು. "ಇಷ್ಟು ವರ್ಷ ಮಂದಿ ಬಾಯಿಗೆ ನನ್ನ ದನಿ ಕೊಟ್ಟೀನಿ ಅಣ್ಣಾ. ನನ್ನ ಬಾಯಿಗೆ ಮಂದಿ ದನಿ ಬ್ಯಾಡ. ಇದ್ದದ್ದರಾಗ ಮಾಡತೀನಿ."

ಆಟ ಸಂಜೆಯದು. ಸಭಾಭವನ ತುಂಬಿತ್ತು. ಸಾಕ್ಷಿಯ ಸ್ಥಳದಲ್ಲಿ ನನ್ನನ್ನು ಇಟ್ಟಿದ್ದರು. ಇಂದ್ರವ್ವ ಬಂದು ಕುಳಿತು ಮಾತು ಆರಂಭಿಸಿದಳು. ಮೈಕಿನಲ್ಲಿ ಬರೀ ಗಾಳಿ ಊದಿದಂತೆ ಕೇಳಿತು. ಮಕ್ಕಳು ಅಳುತ್ತಿದ್ದವು, ಯಾರದೋ ಫೋನು ಬಡಿದುಕೊಳ್ಳುತ್ತಿತ್ತು.

"ಕೇಳಸವಲ್ದು! ಜೋರ್ ಮಾತಾಡ್ರಿ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಇಂದ್ರವ್ವ ಮಾತು ನಿಲ್ಲಿಸಿದಳು. ಪರದೆಯ ಸಂದಿನಲ್ಲಿ ಮಲ್ಲೇಶಿ ಹಣೆಗೆ ಕೈ ಹಚ್ಚಿಕೊಂಡ. ಆಕೆ ಮುದುಕಿಯ ಪಾತ್ರ ಬಿಡದೆ, ಕೂಗಿದವನ ಕಡೆ ತಿರುಗಿ, ಅದೇ ಒಣ ದನಿಯಲ್ಲಿ ಹೇಳಿದಳು:

"ಜೋರ್ ಮಾತಾಡಾಕ ನನಗ ಆಗೂದಿಲ್ಲಪಾ. ಖರೇ ಮಾತು ಕೇಳೂದಿದ್ರ ನೀವ ಸುಮ್ಮನಾಗ್ರಿ."

ಫೋನಿನ ಸದ್ದು ನಿಂತಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋದರು. ಗರಗರ ತಿರುಗುತ್ತಿದ್ದ ಫ್ಯಾನುಗಳನ್ನು ಯಾರೋ ಎದ್ದು ಹೋಗಿ ಬಂದ್ ಮಾಡಿದರು. ಕಡು ಬೇಸಿಗೆ. ಜನ ಬೆವರು ಒರೆಸಿಕೊಳ್ಳುತ್ತ, ಕತ್ತು ಮುಂದೆ ಚಾಚಿ ಕುಳಿತರು. ಮುದುಕಿ ತಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಕಡೆಯ ಮಾತಿನವರೆಗೂ ಫ್ಯಾನು ಹಾಕಲು ಒಬ್ಬರೂ ಏಳಲಿಲ್ಲ.

ಆ ನಾಟಕ ಈಗ ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಎಲ್ಲ ಸುತ್ತಿದೆ. ನನ್ನ ಒಂದು ಕಾಲಿಗೆ ತಗಡಿನ ಪಟ್ಟಿ ಬಿದ್ದಿದೆ, ಹಲಗೆ ನಡುವೆ ಸೀಳಿದೆ. ಮನೆಯ ಕಿಟಕಿಯ ಹತ್ತಿರ ನನ್ನ ಜಾಗ. ಮೊನ್ನೆ ಒಬ್ಬ ಕಾಲೇಜು ಮೇಷ್ಟರು ಬಂದು, ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನ ಮಾಡುತ್ತೇವೆ, ಹಳೆಯ ರಂಗಭೂಮಿಯ ನೆನಪು, ಎಂದರು. ಇಂದ್ರವ್ವ ಏಳಲಿಲ್ಲ, ನನ್ನ ಮೇಲೆಯೇ ಕುಳಿತು ನಕ್ಕಳು.

"ಐತವಾರ ಇಳಕಲ್ಲಾಗ ಆಟ ಐತ್ರಿ ಸರ. ಇದು ನನ್ನ ಜೋಡಿ ಬರಬೇಕು."

ಮರದ ಜನ್ಮದಲ್ಲಿ ನಾನು ಕಲಿತದ್ದು ಹೆಚ್ಚೇನಿಲ್ಲ. ಹೊರುವವನಿಗೆ ತಾನು ಹೊತ್ತವರ ತೂಕ ಗೊತ್ತಿರುತ್ತದೆ. ಈಕೆ ಹಗುರಾದ ಹೆಂಗಸು, ಆದರೂ ನಾನು ಹೊತ್ತವರಲ್ಲಿ ಇಷ್ಟು ಭಾರದವರು ಬೇರೆ ಯಾರೂ ಇಲ್ಲ. ಮುರಿಯುವ ದಿನ ಬಂದರೆ ಆಟದ ನಡುವೆ ಮುರಿಯುತ್ತೇನೆ. ಗಾಜಿನ ಪೆಟ್ಟಿಗೆಗೆ ಹೋಗುವುದಿಲ್ಲ.