ಅಪ್ಪನಿಗಿಟ್ಟ ಸಿಳ್ಳೆ

ಅಪ್ಪನ ಮಾತು ನಿಂತು ಒಂದು ತಿಂಗಳ ಮೇಲಾಗಿತ್ತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಗಿತ್ತು. ನಾಲಿಗೆ ಆಡುತ್ತಿತ್ತು, ಮಾತು ಹುಟ್ಟುತ್ತಿರಲಿಲ್ಲ. ಮಾತಿನ ತರಬೇತಿ ಕೊಡುವ ಥೆರಪಿಸ್ಟ್ ಮಗಳನ್ನು ಕಾರಿಡಾರಿಗೆ ಕರೆದು ಸುತ್ತುಬಳಸದೆ ಹೇಳಿದ್ದಳು.

"ಶುಕ್ರವಾರ ಪರೀಕ್ಷೆ. ಅವರು ಒಂದು ಪ್ರಶ್ನೆಗಾದ್ರೂ ಉತ್ತರ ಕೊಡ್ಬೇಕು, ಸನ್ನೆ ಆದ್ರೂ ಸಾಕು. ಇಲ್ದಿದ್ರೆ ಮೇಲಿನ ಮಹಡಿಗೆ ಕಳಿಸ್ತಾರೆ. ಅಲ್ಲಿ ಊಟ, ಸ್ನಾನ ಎಲ್ಲ ಚೆನ್ನಾಗಿ ನೋಡ್ಕೋತಾರೆ. ಮಾತು ಮಾತ್ರ ಕಲಿಸಲ್ಲ."

ಉತ್ತರ ಒಮ್ಮೆ ಬಂದಿತ್ತು. ಮಗಳನ್ನು ಕೊರೆಯುತ್ತಿದ್ದುದು ಅದೇ. ಅಪ್ಪ ಹುಡುಗನಾಗಿದ್ದಾಗ ಹೊಲದ ಮನೆಯ ಜಗಲಿಯಲ್ಲಿ ಯಾರೋ ಬಂದು ಅವನ ತಾಯಿಯ, ಎಂದರೆ ಅಜ್ಜಿಯ, ಮಾತನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು. ಯಾವ ಹೊಲ ಯಾರ ಪಾಲಿಗೆ ಹೋಯಿತು, ಯಾವ ಚಿಕ್ಕಪ್ಪ ಯಾರೊಂದಿಗೆ ಮಾತು ಬಿಟ್ಟ ಎಂಬ ಮನೆತನದ ಕಥೆಯೆಲ್ಲ ಅದರಲ್ಲಿತ್ತು. ಮಾತಿಗಿಂತ ಹಕ್ಕಿಗಳ ಗಲಾಟೆಯೇ ಹೆಚ್ಚು. ಅದನ್ನು ಕಂಪ್ಯೂಟರಿಗೆ ಇಳಿಸಿ ಅಪ್ಪನಿಗೆ ಕೇಳಿಸಿದ ದಿನ ಅವನು ದಿಂಬಿನಿಂದ ತಲೆ ಎತ್ತಿದ್ದ. ತುಟಿ ಮುಂದೆ ಮಾಡಿ ಊದಿದ್ದ. ಬರೀ ಗಾಳಿ ಬಂತು. 'ಅಮ್ಮ' ಅನ್ನಲು ಹೊರಟಿದ್ದಾನೆ ಎಂದುಕೊಂಡಳು ಅವಳು. ನೋಡಿದವರು ಬೇರೆ ಯಾರೂ ಇರಲಿಲ್ಲ.

ಹಳೆಯ ಹಾಡುಗಳ ಕೊಳೆ ತೆಗೆದು ಡಿಜಿಟಲ್ ಮಾಡಿಕೊಡುವುದೇ ಅವಳ ಕೆಲಸ. ಅಜ್ಜಿಯ ದನಿ ಇನ್ನಷ್ಟು ಸ್ಪಷ್ಟವಾದರೆ ಅಪ್ಪ ಮಾತೇ ಆಡಿಯಾನು ಎನ್ನಿಸಿತು. ಕಂಪ್ಯೂಟರಿನ ಪರದೆಯ ಮೇಲೆ ದನಿಯೆಲ್ಲ ಚಿತ್ರವಾಗಿ ಮೂಡುತ್ತದೆ; ಮನುಷ್ಯರ ದನಿ ಕೆಳಗೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಹಕ್ಕಿಯ ಕೂಗು ಮೇಲೆ ತೆಳ್ಳಗಿನ ಗೆರೆಯಾಗಿ. ಗೆರೆಗಳನ್ನು ಒಂದೊಂದಾಗಿ ಒರೆಸಿದಳು. ಒಂದು ಕೂಗು ಮಾತ್ರ ಉಳಿದವಕ್ಕಿಂತ ದಪ್ಪಗಿತ್ತು, ಮೈಕಿಗೆ ತೀರ ಹತ್ತಿರ. ಜಗಲಿಯ ಮೇಲೇ ಬಂದು ಕೂತ ಹಕ್ಕಿ ಇರಬೇಕೆಂದು ಅದನ್ನು ಇನ್ನೂ ಮುತುವರ್ಜಿಯಿಂದ ಅಳಿಸಿದಳು. ಗಿರಾಕಿಗಳ ಧ್ವನಿಯಾದರೆ ಮೂಲವನ್ನು ಬೇರೆಯಾಗಿ ಎತ್ತಿಡದೆ ಕೈ ಹಚ್ಚುವವಳೇ ಅಲ್ಲ. ಇದು ಮನೆಯದು ತಾನೆ ಎಂದು ಮೂಲ ಫೈಲಿನ ಮೇಲೇ ಸೇವ್ ಮಾಡಿಬಿಟ್ಟಳು. ಕ್ಯಾಸೆಟ್ಟಿನ ಟೇಪು ಕಂಪ್ಯೂಟರಿಗೆ ಇಳಿಸುವಾಗಲೇ ಯಂತ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾಗಿ ಕಸದ ಬುಟ್ಟಿ ಸೇರಿತ್ತು.

ಶುಭ್ರವಾದ ಅಜ್ಜಿಯ ದನಿ ಕೇಳಿ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಬುಧವಾರ ಅವಳು ಅಪ್ಪನ ಅಕ್ಕನಿಗೆ ಫೋನು ಮಾಡಿದಳು. ಅಪ್ಪ ತುಟಿ ಮುಂದೆ ಮಾಡಿ ಊದಿದ್ದು, ತಾನು ಜಗಲಿಯ ಹಕ್ಕಿಯ ಕೂಗು ಅಳಿಸಿದ್ದು ಕೇಳಿದ್ದೇ ತಡ ಅತ್ತೆ ಸಿಡಿದಳು.

"ಅಯ್ಯೋ ಪೆದ್ದಿ, ಅದು ಹಕ್ಕಿ ಅಲ್ಲ ಕಣೇ! ನಮ್ಮಮ್ಮ! ಇವನನ್ನ ಕರೀತಿದ್ದಿದ್ದು!"

"ಏನತ್ತೆ ಹಾಗಂದ್ರೆ?"

"ತೆನೆ ಕಾಯೋಕೆ ನಾವು ಮಕ್ಕಳೆಲ್ಲ ಹೊಲದ ಒಂದೊಂದು ಮೂಲೇಲಿ ನಿಂತು ಅರಚ್ತಿದ್ವಿ. ಆ ಗದ್ದಲದಲ್ಲಿ ಹೆಸರು ಹಿಡಿದು ಕೂಗಿದ್ರೆ ಯಾರಿಗೆ ಕೇಳುತ್ತೆ? ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಹಕ್ಕಿ ಕೂಗು ಇಟ್ಟಿದ್ಳು. ಸಿಳ್ಳೆ ಹಾಕಿದ್ರೆ ಬಾಣದ ಹಾಗೆ ಬರ್ತಿತ್ತು. ಕೇಳಿದವರು ತಿರುಗಿ ಸಿಳ್ಳೆ ಹಾಕ್ಬೇಕು."

"ಅತ್ತೆ, ಅದು ಹೇಗಿತ್ತು ಅಂತ ಒಂದ್ಸಲ ಹಾಕಿ ತೋರ್ಸಿ."

"ನನ್ನ ಸಿಳ್ಳೆ ಹಲ್ಲಿನ ಜೊತೇಲೇ ಹೋಯ್ತಲ್ಲ, ಪುಟ್ಟಿ. ಈಗ ಊದಿದ್ರೆ ಎಂಜಲು ಹಾರುತ್ತೆ ಅಷ್ಟೆ."

ಹಕ್ಕಿ ಕೂಗುಗಳನ್ನು ಕೂಡಿಟ್ಟ ಜಾಲತಾಣವೊಂದನ್ನು ತೆರೆದು ಅವಳು ಒಂದೊಂದನ್ನೇ ಫೋನಿಗೆ ಹಿಡಿದಳು. "ಇದಾ? ಬಾಗಿಲು ಕಿರುಗುಟ್ಟಿದ ಹಾಗಿದೆ." "ಇದು ನಿಮ್ಮ ಮಾವನ ಗೊರಕೆ, ತೆಗಿ." ಕೊನೆಗೆ ಹೊನ್ನಕ್ಕಿಯ ಕೂಗು ಬಂದಾಗ ಅತ್ತೆ ಮೂಗು ಸೀಟುವುದು ಕೇಳಿಸಿತು.

"ಇದೇ. ಆದ್ರೆ ಇಷ್ಟೇ ಅಲ್ಲ. ಹೊನ್ನಕ್ಕಿ ಕೂಗಿದಾಗೆಲ್ಲ ಮಗು ಕೆಲಸ ಬಿಟ್ಟು ಓಡಿ ಬಂದ್ರೆ ಆಗುತ್ತಾ? ಅದಕ್ಕೇ ಕೊನೇಲಿ ತನ್ನದೇ ಒಂದು ತಿರುವು ಸೇರಿಸ್ತಿದ್ಳು."

"ಹೇಗಿತ್ತು ಆ ತಿರುವು?"

"ನಂದು ಕೇಳು, ಹೇಳ್ತೀನಿ. ಅವನದಕ್ಕೆ ಕಿವಿ ಕೊಡ್ತಿದ್ದೋನು ಅವನೊಬ್ಬನೇ."

ಗುರುವಾರವಿಡೀ ಅವಳು ಕಚೇರಿಯ ಬ್ಯಾಕಪ್ಪುಗಳನ್ನೆಲ್ಲ ಜಾಲಾಡಿದಳು. ಮೂಲ ಪ್ರತಿ ಎಲ್ಲೂ ಇರಲಿಲ್ಲ. ಅಳಿಸಿದ ಜಾಗದಲ್ಲಿ ದನಿಯನ್ನು ಹತ್ತು ಪಟ್ಟು ಏರಿಸಿ ಕೇಳಿದಳು. ಅಲ್ಲಿ ಒಂದಿಷ್ಟು ಗುಂಯ್‌ಗುಟ್ಟುವಿಕೆಯೂ ಇರಲಿಲ್ಲ. ತನ್ನ ಕೆಲಸ ಎಷ್ಟು ಚೊಕ್ಕ ಎಂದು ಮೊದಲ ಸಲ ಅವಳಿಗೆ ಅಸಹ್ಯವಾಯಿತು.

ಶುಕ್ರವಾರ ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ತೋರಿಸಿದಳು. ಅಪ್ಪ ನೋಡಲಿಲ್ಲ. ಹೆಸರು ಕೇಳಿದಳು, ಕಣ್ಣು ಮಿಟುಕಿಸಲು ಹೇಳಿದಳು. ಏನೂ ಇಲ್ಲ.

"ಒಂದು ನಿಮಿಷ ಕೊಡಿ, ಕೈ ಮುಗೀತೀನಿ," ಎಂದು ಮಗಳು ಸ್ಪೀಕರ್ ಹಾಸಿಗೆಯ ಮೇಲಿಟ್ಟಳು.

ಹೊನ್ನಕ್ಕಿ ಕೂಗಿತು. ಅಪ್ಪನ ತಲೆ ದಿಂಬಿನಿಂದ ಎದ್ದಿತು. ಎಡಗೈ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಕೂಗು ಮುಗಿಯಿತು. ಅವನು ಕಾಯುತ್ತಿದ್ದ. ಮುಂದಿನದು ಬರಲಿಲ್ಲ. ತಲೆ ಮತ್ತೆ ಇಳಿಯತೊಡಗಿತು.

"ಹಕ್ಕಿ ಸದ್ದಿಗೆ ತಿರುಗೋದನ್ನ ಉತ್ತರ ಅಂತ ಹಾಕೋಕಾಗಲ್ಲ," ಎಂದಳು ಥೆರಪಿಸ್ಟ್. ದನಿಯಲ್ಲಿ ಕನಿಕರವಿತ್ತು.

ಮಗಳು ಇನ್ನೊಮ್ಮೆ ಒತ್ತಿದಳು. ಹಕ್ಕಿ ಮುಗಿಸುವಷ್ಟರಲ್ಲಿ ತಾನೇ ತುಟಿ ಸೇರಿಸಿ, ತೋಚಿದ ಹಾಗೆ ಮೇಲಕ್ಕೊಂದು ತಿರುವು ಹಾಕಿದಳು.

ಅಪ್ಪನ ಹುಬ್ಬು ಗಂಟಿಕ್ಕಿತು. ಬಾಯಿ ಸೊಟ್ಟಗಾಗಿ, ಒಳಗಿನಿಂದ ಏನನ್ನೋ ಎಳೆದು ತಂದಿತು.

"ಅ... ಅಲ್ಲ."

ಥೆರಪಿಸ್ಟ್ ಕೈಯಲ್ಲಿನ ಪೆನ್ನು ನಿಂತಿತು. "ಇನ್ನೊಂದ್ಸಲ ಮಾಡಿ."

ಈ ಸಲ ಕೆಳಕ್ಕೆ ತಿರುಗಿಸಿದಳು.

"ಅಲ್ಲ," ಎಂದ ಅಪ್ಪ, ಸ್ವಲ್ಪ ಗಟ್ಟಿಯಾಗಿ.

"ಸಾಕು, ಸಾಕು! ಇಲ್ಲೇ ಇರ್ತಾರೆ ಇವರು," ಎಂದು ಥೆರಪಿಸ್ಟ್ ಎದ್ದು ಹೊರಗೆ ಓಡಿದಳು.

ಮಗಳಿಗೆ ಸಾಕಾಗಲಿಲ್ಲ. ಅಪ್ಪನಿಗೂ. ಅವನ ಕಣ್ಣು ಸ್ಪೀಕರನ್ನು ದಾಟಿ ಬಾಗಿಲ ಮೇಲೆ ನೆಟ್ಟಿತ್ತು. ಹೊಲದ ಆಚೆ ಬದಿಯಿಂದ ಅರ್ಧ ಕರೆದು ನಿಲ್ಲಿಸಿದ ಅಮ್ಮ ಇನ್ನರ್ಧ ಕರೆಯಲಿ ಎಂದು ಕಾಯುವಂತೆ. ಆ ಕರೆಯನ್ನು ಒರೆಸಿ ಹಾಕಿದ ಕೈಯಿಂದಲೇ ಅವಳು ಗುಂಡಿ ಒತ್ತಿದಳು. ಹೊನ್ನಕ್ಕಿ ಕೂಗಿತು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಇದೂ ತಪ್ಪೆಂದು ಗೊತ್ತಿದ್ದೇ, ಇನ್ನೊಂದು ತಿರುವು ಹಾಕಿದಳು.

"ಅಲ್ಲ," ಎಂದ ಅಪ್ಪ. ಅವನ ಕಣ್ಣಲ್ಲಿ ನೀರಿತ್ತು.